ಚೀನಾದ ವಿದೇಶಿ ವಿನಿಮಯ ನೋಟು ಯುವಿ ಬೆಳಕಿಗೆ ನೀಲಿಯಾಗಿ ಹೊಳೆಯುತ್ತಿದೆ, ಖೋಟಾ ಇರಬಹುದೇ?

ಹಳೇಪೆಟ್ಟಿಗೆ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಚೀನಾಕ್ಕೆ ಬಂದ ವಿದೇಶಿಯರಿಗಾಗಿ ಹಿಂದೆ ಹೊರಡಿಸುತ್ತಿದ್ದ ನೋಟು ಒಂದು ನನ್ನಲ್ಲಿದೆ. ಯುವಿ ಟಾರ್ಚ್ ಹಿಡಿದರೆ ಇಡೀ ನೋಟು ಟ್ಯೂಬ್‌ಲೈಟಿನಂತೆ ಬೆಳಗುತ್ತದೆ. ಕ್ಯಾಟಲಾಗಿನಲ್ಲಿರುವ ವಾಟರ್‌ಮಾರ್ಕ್ ಕೂಡ ಇದರಲ್ಲಿ ಇಲ್ಲ. ಮಾರಿದವರು ಫೋನ್ ಎತ್ತುತ್ತಿಲ್ಲ. ಅಸಲಿಯೋ ನಕಲಿಯೋ, ತಿಳಿದವರು ಹೇಳಿ. ಫೋಟೊ ಆಮೇಲೆ ಹಾಕುತ್ತೇನೆ.

ಕಾಗದಪ್ರಿಯ:
ಯಾವ ಮುಖಬೆಲೆ ಸರ್? ಒಂದು ಜಿಯಾವೊದಿಂದ (ಯುವಾನ್‌ನ ಹತ್ತನೇ ಒಂದು ಭಾಗ) ನೂರು ಯುವಾನ್‌ವರೆಗೆ ಏಳು ಮುಖಬೆಲೆಗಳಿವೆ. ಐವತ್ತು ಮತ್ತು ನೂರರಲ್ಲಿ 1979 ಅಲ್ಲದೆ 1988ರದೂ ಇದೆ. ಹುಟ್ಟಿದ ದಿನ ಹೇಳದೆ ಜಾತಕ ಕೇಳಿದರೆ ಹೇಗೆ?

ಗಿರಾಕಿ_72:
ಖೋಟಾ. ಅನುಮಾನವೇ ಬೇಡ. ನೋಟಿನ ಕಾಗದ ಯುವಿ ಬೆಳಕಿಗೆ ಮಂಕಾಗಿರಬೇಕು. ಹೊಳೆಯುವುದು ಜೆರಾಕ್ಸ್ ಹಾಳೆ. ವಾಟರ್‌ಮಾರ್ಕ್ ಬೇರೆ ಇಲ್ಲ ಎನ್ನುತ್ತೀರಿ. ಹಣ ವಾಪಸ್ ಕೇಳಿ.

ಹಳೇಪೆಟ್ಟಿಗೆ:
ಎಲ್ಲರೂ ಮೊದಲು ಕೊಳ್ಳುವುದು ಒಂದು ಜಿಯಾವೊವನ್ನೇ ಅಲ್ಲವೇ, ಅದಕ್ಕೇ ಹೇಳಲಿಲ್ಲ. 1979, ಕಂದು ಬಣ್ಣ, ಜಲಪಾತದ ಚಿತ್ರ. ಕ್ಯಾಟಲಾಗಿನಲ್ಲಿ ಒಂದು ದೊಡ್ಡ ನಕ್ಷತ್ರ, ನಾಲ್ಕು ಚಿಕ್ಕವು ಎಂದಿದೆ. ನನ್ನದರಲ್ಲಿ ನಕ್ಷತ್ರದ ಜೊತೆ ದೊಂದಿಯಂಥದ್ದು ಕಾಣುತ್ತದೆ.

ಕಾಗದಪ್ರಿಯ:
ವಾಟರ್‌ಮಾರ್ಕ್ "ಇಲ್ಲ" ಎನ್ನುವುದೇ ಬೇರೆ, "ಬೇರೆಯದಿದೆ" ಎನ್ನುವುದೇ ಬೇರೆ. ಒಂದು ಜಿಯಾವೊದಲ್ಲಿ ಎರಡು ಬಗೆಗಳಿವೆ: ಐದು ನಕ್ಷತ್ರದ್ದು ಒಂದು, ನಕ್ಷತ್ರ ಮತ್ತು ದೊಂದಿಯದು ಇನ್ನೊಂದು. ಅದೇ ಕ್ಯಾಟಲಾಗಿನಲ್ಲಿ ಕೆಳಗಿನ ಸಾಲನ್ನೂ ಓದಿ.

ಗಿರಾಕಿ_72:
ದೊಂದಿಯನ್ನು ಖೋಟಾ ಮಾಡುವವನೂ ಹಾಕಬಲ್ಲ. ಹೊಳಪಿಗೆ ಏನು ಉತ್ತರ?

ಕಾಗದಪ್ರಿಯ:
ಇಷ್ಟು ಅಗ್ಗದ ನೋಟಿಗೆ ವಾಟರ್‌ಮಾರ್ಕ್ ಕೂರಿಸುವ ಖೋಟಾಕಾರ ಸಿಕ್ಕರೆ ತಿಳಿಸಿ, ಅವನಿಗೆ ಶಾಲು ಹೊದಿಸೋಣ.

ಪದಕೋಶ:
ಎಲ್ಲರೂ ನೋಟು ನೋಟು ಎನ್ನುತ್ತಿದ್ದೀರಿ. ಇದು ನೋಟಲ್ಲ, ವಿನಿಮಯ ಪ್ರಮಾಣಪತ್ರ. ಚೀನಾದ ಮಾಮೂಲಿ ಹಣವಾದ ರೆನ್‌ಮಿನ್‌ಬಿ ಹೊರಡಿಸುವುದು ಪೀಪಲ್ಸ್ ಬ್ಯಾಂಕ್. ಇದನ್ನು 1980ರ ಏಪ್ರಿಲ್ 1ರಿಂದ ಹೊರಡಿಸಿದ್ದು ಬ್ಯಾಂಕ್ ಆಫ್ ಚೀನಾ. ಹೆಸರು ಸರಿಯಾಗಿ ಬರೆದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಬೀಜಿಂಗ್_ಚೀಲ:
ವಿದೇಶಿಯರಿಗೆಂದೇ ಇದ್ದ ಸರ್ಕಾರಿ ಅಂಗಡಿ ಫ್ರೆಂಡ್‌ಶಿಪ್ ಸ್ಟೋರ್‌ನಲ್ಲಿ ಕೊಟ್ಟು ಸಾಮಾನು ತಂದವರಿಗೆ ಅದು ನೋಟೇ. ಕಾಗದದ ಮೇಲೆ ರೆನ್‌ಮಿನ್‌ಬಿಗೆ ಸಮ, ಬೀದಿಯಲ್ಲಿ ಅದಕ್ಕಿಂತ ಹೆಚ್ಚು, ಏಕೆಂದರೆ ಆಮದು ಸಾಮಾನು ಸಿಗುತ್ತಿದ್ದದ್ದು ಇದಕ್ಕೆ. ಅದಕ್ಕೇ ಹೋಟೆಲುಗಳ ಹೊರಗೆ ಬದಲಾಯಿಸಿಕೊಳ್ಳುವವರು ಕಾದಿರುತ್ತಿದ್ದರು. 1994ರ ಜನವರಿ 1ಕ್ಕೆ ಹೊರಡಿಸುವುದು ನಿಂತಿತು, ಮರುವರ್ಷ ಚಲಾವಣೆಯೂ ನಿಂತಿತು.
ಅಂದಹಾಗೆ ನನ್ನಲ್ಲಿ ಏಳೂ ಇವೆ. ಚೀನಾದ ಮಹಾಗೋಡೆ ಇರುವ ನೂರು ಯುವಾನ್ ಎರಡೂ ವರ್ಷದ್ದು ಇವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್) ಲಕೋಟೆ, ತೇವ ಹೀರುವ ಸಿಲಿಕಾ ಜೆಲ್ ಪುಡಿಕೆ, ತೇಗದ ಪೆಟ್ಟಿಗೆ. ಮಳೆಗಾಲದಲ್ಲೂ ಒಂದು ಮಚ್ಚೆ ಬಂದಿಲ್ಲ.

ಕಾಗದಪ್ರಿಯ:
ಪೆಟ್ಟಿಗೆಯ ವಿಷಯ ಬೇರೆ ಚರ್ಚೆಯಲ್ಲಿ ಮಾಡೋಣ. ಹಳೇಪೆಟ್ಟಿಗೆಯವರೇ, ಟಾರ್ಚ್ 395 ನ್ಯಾನೊಮೀಟರ್ ತರಂಗಾಂತರದ್ದೋ 365ರದೋ? 395ರದು ತಾನೇ ನೇರಳೆ ಬೆಳಕು ಚೆಲ್ಲುತ್ತದೆ, ಎಲ್ಲವೂ ಹೊಳೆಯುವಂತೆ ಕಾಣುತ್ತದೆ. ಕೋಣೆ ಕತ್ತಲೆ ಮಾಡಿ, ಪಕ್ಕದಲ್ಲಿ ಒಂದು ಜೆರಾಕ್ಸ್ ಹಾಳೆ, ಒಂದು ಹತ್ತು ರೂಪಾಯಿ ಇಟ್ಟು ನೋಡಿ. ನಮ್ಮ ನೋಟಿನಲ್ಲಿ ಸಂಖ್ಯೆ ಮತ್ತು ಸಣ್ಣ ಎಳೆಗಳಷ್ಟೇ ಹೊಳೆಯಬೇಕು, ಕಾಗದವಲ್ಲ.

ಹಳೇಪೆಟ್ಟಿಗೆ:
ಟಾರ್ಚ್ 365ರದೇ. ಹತ್ತು ರೂಪಾಯಿ ಮಂಕು. ಜೆರಾಕ್ಸ್ ಹಾಳೆ ಕಣ್ಣು ಕುಕ್ಕುತ್ತದೆ. ನನ್ನ ಜಿಯಾವೊ ಹಾಳೆಗಿಂತ ಸ್ವಲ್ಪ ಕಡಿಮೆ. ವಿಚಿತ್ರವೆಂದರೆ, ಅದರ ಜೊತೆಗೇ ಬಂದಿದ್ದ, ತೊಳೆಯದೆ ಬಿಟ್ಟಿರುವ ಇನ್ನೊಂದು ಜಿಯಾವೊ ಹತ್ತು ರೂಪಾಯಿಯಂತೆ ಮಂಕಾಗಿದೆ.

ಗಿರಾಕಿ_72:
ನೋಡಿದಿರಾ! ಒಂದು ಅಸಲಿ, ಒಂದು ನಕಲಿ. ಜೋಡಿಯಲ್ಲಿ ಒಂದನ್ನು ಸೇರಿಸಿ ಸಾಗಹಾಕುವುದು ಹಳೆಯ ಆಟ.

ಕಾಗದಪ್ರಿಯ:
ಸ್ವಲ್ಪ ತಾಳಿ. "ತೊಳೆಯದೆ ಬಿಟ್ಟಿರುವ" ಎಂದರೆ?

ಹಳೇಪೆಟ್ಟಿಗೆ:
ಹೊಳೆಯುತ್ತಿರುವುದರ ಮೂಲೆಯಲ್ಲಿ ಚಹಾದ ಕಲೆ ಇತ್ತು. ಸ್ಟೀಲ್ ತಟ್ಟೆಯಲ್ಲಿ ಬಟ್ಟೆ ಒಗೆಯುವ ಪುಡಿ ಕದಡಿ ಹತ್ತು ನಿಮಿಷ ನೆನೆಸಿದ್ದೆ. ಆಮೇಲೆ ನೀರಿನಲ್ಲಿ ಅದ್ದಿ, ಟವೆಲ್ ನಡುವೆ ಇಟ್ಟು ಒಣಗಿಸಿದೆ. ಕಲೆ ಮುಕ್ಕಾಲು ಹೋಯಿತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಾಗದಪ್ರಿಯ:
ಅದೇ ಸಂಬಂಧ. ಆ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಅದು ಯುವಿಯನ್ನು ಹೀರಿ ನೀಲಿ ಬೆಳಕಾಗಿ ಬಿಡುತ್ತದೆ, ಹತ್ತಿಯ ನಾರಿಗೆ ಚೆನ್ನಾಗಿ ಅಂಟುತ್ತದೆ. ಅಂಗಿ ಬೆಳ್ಳಗೆ ಕಾಣುವುದೂ ಅದರಿಂದಲೇ. ನೋಟು ಅಸಲಿ ಇರಬಹುದು, ಆದರೆ ತೊಳೆದ ನೋಟು. ಮಾರುವಾಗ ಹಾಗೆಂದೇ ಹೇಳಬೇಕಾಗುತ್ತದೆ.

ಪದಕೋಶ:
ತೊಳೆದ ಪ್ರಮಾಣಪತ್ರ.

ಹಳೇಪೆಟ್ಟಿಗೆ:
ಇನ್ನೊಮ್ಮೆ ನೆನೆಸಿದರೆ ಹೋಗುತ್ತದೆಯೇ?

ಕಾಗದಪ್ರಿಯ:
ದಯವಿಟ್ಟು ಮುಟ್ಟಬೇಡಿ. ಆ ತಟ್ಟೆಯನ್ನು ಅಡುಗೆಮನೆಗೆ ವಾಪಸ್ ಕೊಡಿ.

ಬೀಜಿಂಗ್_ಚೀಲ:
ಮೈಲಾರ್ ಲಕೋಟೆ ಬೇಕಿದ್ದರೆ ನನ್ನ ಬಳಿ ಹೆಚ್ಚುವರಿ ಇವೆ. ಪೆಟ್ಟಿಗೆಯ ಫೋಟೊ ಹಾಕಲೇ?

ಹಳೇಪೆಟ್ಟಿಗೆ:
ಮಾರಿದವರಿಗೆ ನಿನ್ನೆ ರಾತ್ರಿ ಬಾಯಿಗೆ ಬಂದಂತೆ ಮೆಸೇಜ್ ಕಳುಹಿಸಿಬಿಟ್ಟಿದ್ದೇನೆ. ಈಗ ಫೋನ್ ಅವರೇ ಮಾಡುತ್ತಿದ್ದಾರೆ.

ಗಿರಾಕಿ_72:
ಎತ್ತಬೇಡಿ. ಆ ಇನ್ನೊಂದರ ವಾಟರ್‌ಮಾರ್ಕ್ ಯಾವುದು, ಮೊದಲು ಅದನ್ನು ಹೇಳಿ.