ಪದ ಬೇಕಾಗಿದೆ: ‘ಕಾಂಗರೂ ಮದರ್ ಕೇರ್’ಗೆ ‘ಎದೆಗಾವು’ ಆದೀತೇ?

ಗೆಳೆಯರೇ,

ಕೊಪ್ಪಳದ ಕಡೆಯ ಒಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಫಲಕ ಬರೆದುಕೊಡಬೇಕು. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಫಲಕದ ವಿಷಯ ‘ಕಾಂಗರೂ ಮದರ್ ಕೇರ್’ (ಕೆಎಂಸಿ): ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸನ್ನು ಬರಿಯೆದೆಗೆ ಮೈ ತಾಗಿಸಿ ಬೆಚ್ಚಗಿಡುವುದು. ಇದಕ್ಕೆ ಕನ್ನಡ ಪದ ಕೊಡಿ ಎಂದು ಮೊನ್ನೆ ಇಲ್ಲಿ ಕೇಳಿದ್ದಕ್ಕೆ ಹನ್ನೊಂದು ಉತ್ತರ ಬಂದವು, ಒಂಬತ್ತರಲ್ಲಿ ‘ಕಾಂಗರೂ’ ಶಬ್ದದ ಕುಲಗೋತ್ರವೇ ತುಂಬಿತ್ತು. ಅದು ಮೂಲತಃ ಇಂಗ್ಲಿಷಿನದಲ್ಲ. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ನುಡಿಯಿಂದ 1770ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗಿನವರು ಬರೆದುಕೊಂಡದ್ದು. ‘ನನಗೆ ಗೊತ್ತಿಲ್ಲ’ ಎಂದು ಅದರರ್ಥ ಎನ್ನುವುದು ಕಟ್ಟುಕತೆ. ಆ ಚರ್ಚೆ ಇಲ್ಲಿಗೆ ಸಾಕು.

ವಾರ್ಡಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. 1,600 ಗ್ರಾಂ ತೂಕದ ಕೂಸು. ಟೊಪ್ಪಿಗೆ, ಕಾಲುಚೀಲ, ಲಂಗೋಟಿ, ಅಷ್ಟೇ ಉಡುಗೆ. ತಾಯಿಯ ಬರಿಯೆದೆಯ ಮೇಲೆ ನೆಟ್ಟಗೆ ಇರಿಸಿ, ಮುಖ ಒಂದು ಮಗ್ಗುಲಿಗೆ ತಿರುಗಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟಿದ್ದರು. ನರ್ಸ್ ಪಕ್ಕದ ಹಾಸಿಗೆಗೆ ಬಂದು ‘ಈ ಕೂಸಿಗೂ ಕೆಎಂಸಿ ಬೇಕು’ ಎಂದರು. ಅಲ್ಲಿದ್ದ ಅಜ್ಜಿ ಅಳತೊಡಗಿದರು. ಆ ಸೀಮೆಯಲ್ಲಿ ಕೆಎಂಸಿ ಎಂದರೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ. ಕೂಸಿನ ಸ್ಥಿತಿ ಕೈ ಮೀರಿತು, ಅಲ್ಲಿಗೆ ಸಾಗಿಸಬೇಕು ಎಂದೇ ಅವರು ತಿಳಿದರು.

‘ಬಸ್ಸು ಬಂದ ಹಾಗೆ ಕಾಂಗರೂವೂ ಬರಲಿ’ ಎಂದವರಿಗೆ: ಬಸ್ಸನ್ನು ಜನ ಹತ್ತಿ ಇಳಿದಿದ್ದಾರೆ, ಕಾಂಗರೂವನ್ನು ಕಂಡವರಿಲ್ಲ. ಇನ್ನೊಬ್ಬರ ‘ಮಾತೃತ್ವಕ್‌ಸ್ಪರ್ಶ ಪರಿಚರ್ಯೆ’ ನಾಲಗೆಗೆ ಭಾರ, ಬೇಡ. ‘ಉಡಿ ಆರೈಕೆ’ ಎಂದವರ ಕಿವಿ ಚುರುಕಾಗಿದೆ; ಆ ಕಡೆಯದೇ ಮಾತು, ಕಾಂಗರೂವಿನ ಚೀಲಕ್ಕೂ ಹತ್ತಿರ. ಆದರೆ ಉಡಿ ಎಂದೊಡನೆ ತಾಯಿ ಕೂಸನ್ನು ಸೀರೆಯ ಮೇಲೆಯೇ ತೊಡೆಯಲ್ಲಿ ಮಲಗಿಸಿಕೊಂಡರೆ ಮೈಗೆ ಮೈ ತಾಗುವುದೇ ತಪ್ಪಿತು. ‘ಮಡಿಲು’ ಎಂದರೆ ಸರ್ಕಾರದ ಮಡಿಲು ಕಿಟ್ ನೆನಪಾಗುತ್ತದೆ. ‘ಅಪ್ಪುಗೆ’ ಗಳಿಗೆಯ ಮಾತು. ಇದು ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ನಡೆಯಬೇಕಾದದ್ದು.

ಆದ್ದರಿಂದ ‘ಎದೆಗಾವು’. ಕಾವಿಗೆ ಕುಳಿತ ಕೋಳಿಯನ್ನು ನೋಡದ ಅಜ್ಜಿ ಆ ವಾರ್ಡಿನಲ್ಲಿ ಇರಲಾರರು. ಎಷ್ಟು ಹೊತ್ತು, ಏಕೆ, ಹೇಗೆ ಎಂಬ ಮೂರನ್ನೂ ‘ಕಾವು’ ಒಂದೇ ಹೇಳುತ್ತದೆ. ದಿನ ತುಂಬದೆ ಹುಟ್ಟಿದ ಕೂಸಿನ ತೊಗಲಿನಡಿ ಕೊಬ್ಬು ಸಾಲದು, ಮೈ ಬೇಗ ತಣ್ಣಗಾಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ವೈದ್ಯ ಎಡ್ಗರ್ ರೇ ಇದನ್ನು ಶುರುಮಾಡಿದ್ದೇ ಇನ್‌ಕ್ಯುಬೇಟರುಗಳು, ಅಂದರೆ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಗಳು, ಸಾಲದೆ. ‘ಇನ್‌ಕ್ಯುಬೇಟರ್’ ಪದದ ಲ್ಯಾಟಿನ್ ಬೇರು ನೋಡಿ: ‘ಕಾವಿಗೆ ಕೂರು’ ಎಂದೇ. ಭಾರತ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಕೂಸುಗಳಿಗೆ, ಸ್ಥಿತಿ ಸುಧಾರಿಸಲೆಂದು ಕಾಯದೆ ಹುಟ್ಟಿದ ಕೂಡಲೇ ಇದನ್ನು ಕೊಟ್ಟಾಗ ಮೊದಲ 28 ದಿನಗಳ ಸಾವು ಕಾಲು ಭಾಗದಷ್ಟು ತಗ್ಗಿತು. ಫಲಕವನ್ನು ಓದಿದ ಕೂಡಲೇ ಕೈ ಕೆಲಸಕ್ಕೆ ಹೋಗಬೇಕು ಎಂದು ನಾನು ಹಟ ಹಿಡಿದಿರುವುದು ಅದಕ್ಕೇ. ತಂದೆಯೂ ಎದೆಗಾವು ಕೊಡಬಹುದು, ಅತ್ತೆಯೂ ಕೊಡಬಹುದು. ಹೆಸರಿನಿಂದ ‘ತಾಯಿ’ಯನ್ನು ಬಿಟ್ಟದ್ದು ಮರೆತಲ್ಲ.

ಈಗ ನನ್ನ ಅಳುಕು ಒಂದೇ. ‘ಎದೆಗಾವು’ ಎಂದರೆ ನಿಮ್ಮೂರಿನಲ್ಲಿ ಎದೆಯುರಿ ಎಂದೋ ಜ್ವರ ಎಂದೋ ಕೇಳಿಸುತ್ತದೆಯೇ? ಗದಗ, ಕೊಪ್ಪಳ, ರಾಯಚೂರಿನವರು ನಿಘಂಟು ತೆರೆಯಬೇಡಿ. ಮನೆಯ ಹಿರಿಯ ಹೆಂಗಸರನ್ನು ಒಂದು ಮಾತು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ನಾಳೆ ಮಧ್ಯಾಹ್ನದೊಳಗೆ ಬರೆಯಿರಿ.