ಟೆಂತ್ 97 ವಾಟ್ಸಾಪ್ ಗುಂಪಲ್ಲಿ ಭಟ್ಟನ ಫಾರ್ವರ್ಡು, ರೇವತಿಯ ಹೈಬ್ರಿಡ್ಡು

ಶಂಕರ ಭಟ್ಟ: (ಫಾರ್ವರ್ಡ್) ⚠️ ಹೈಬ್ರಿಡ್ ಕಾರು ತೆಗೆಯುವವರೇ ಎಚ್ಚರ!! 3 ವರ್ಷಕ್ಕೆ ಬ್ಯಾಟರಿ ಢಮಾರ್, ಬದಲಿಸ್ಲಿಕ್ಕೆ 5 ಲಕ್ಷ, ಚಾರ್ಜ್ ಮುಗಿದರೆ ಗಾಡಿ ರಸ್ತೆಯಲ್ಲೇ ಬಾಕಿ!! ನಿಮ್ಮವರಿಗೆಲ್ಲ ಕಳಿಸಿ 🙏

ರೇವತಿ: ಭಟ್ಟಾ ಇದು ನನಗೇ ಹಾಕಿದ್ದಾ? ಗಾಡಿ ತೆಗೊಂಡು ನಾಲ್ಕು ತಿಂಗಳಾಗ್ಲಿಲ್ಲ

ಶಂಕರ ಭಟ್ಟ: ಛೆ ನಿನಗೆ ಅಂತ ಅಲ್ಲ ಮಾರಾಯ್ತಿ. ಬಂತು, ಹಾಕಿದೆ

ಗಣೇಶ ರೈ: ಅವ ಓದದೆ ಹಾಕುವುದು. ಮೊನ್ನೆ ಅಡಿಕೆ ರೇಟ್ ಅಂತ ಎರಡು ವರ್ಷ ಹಳೇದು ಹಾಕಿದ್ದ 😂

ರೇವತಿ: ಚಾರ್ಜ್ ಮುಗಿದರೆ ಅಂದ್ರೆ ಎಂತ, ಇದಕ್ಕೆ ಚಾರ್ಜಿಗೆ ಇಡುವ ವಯರೇ ಇಲ್ಲ. ಇಂಜಿನೂ ಉಂಟು, ಬ್ಯಾಟರಿಯ ಮೋಟಾರೂ ಉಂಟು, ನಾವು ಪೆಟ್ರೋಲ್ ಹಾಕುದು ಅಷ್ಟೆ. ಬ್ರೇಕ್ ಹಿಡಿದಾಗ ಮೋಟಾರೇ ಡೈನಮೋ ಹಾಗೆ ತಿರುಗಿ ಬ್ಯಾಟರಿ ತುಂಬಿಸ್ತದೆ, ಸಾಲದಿದ್ರೆ ಇಂಜಿನ್ ತುಂಬಿಸ್ತದೆ, ನಾವು ಎಂತದೂ ಮಾಡ್ಲಿಕ್ಕಿಲ್ಲ. ಮತ್ತೆ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಅಂತ ನನ್ನ ಪುಸ್ತಕದಲ್ಲೇ ಉಂಟು, ಫೋಟೋ ಹಾಕ್ಲಾ?

ಅಶ್ರಫ್: ಭಟ್ರೇ ಇಲ್ಲಿ ದುಬಾಯಿಯಲ್ಲಿ ಟ್ಯಾಕ್ಸಿಗಳೇ ಕ್ಯಾಮ್ರಿ ಹೈಬ್ರಿಡ್, ಹಗಲು ರಾತ್ರಿ ಓಡ್ತವೆ ಈ ಸೆಕೆಯಲ್ಲಿ. ಮೂರು ವರ್ಷಕ್ಕೆ ಢಮಾರ್ ಆಗುದಾದ್ರೆ ಟ್ಯಾಕ್ಸಿಯವ ಇಡ್ತಿದ್ನಾ? ಜಪಾನಲ್ಲಿ ಟೊಯೋಟಾದ ಹೈಬ್ರಿಡ್ ಪ್ರಿಯಸ್ ಬಂದದ್ದೇ 1997 ಡಿಸೆಂಬರಲ್ಲಿ, ನಾವು ಎಸ್ಸೆಸ್ಸೆಲ್ಸಿ ಬರೆದ ವರ್ಷ

ಶಂಕರ ಭಟ್ಟ: ನನ್ನ ಭಾವನದ್ದೂ ಹೈಬ್ರಿಡ್ಡೇ, ಹಿಂದೆ ಬರೆದುಂಟು. ಅವನಿಗೆ ಲೀಟರಿಗೆ 16 ಕಿಲೋಮೀಟರ್ ಸಿಕ್ಕಿದ್ರೆ ಹಬ್ಬ

ರೇವತಿ: ಅದು ಮೈಲ್ಡ್. ಅದರ ಮೋಟಾರು ಇಂಜಿನಿಗೆ ಚೂರು ಕೈ ಕೊಡುದು ಮಾತ್ರ, ಗಾಡಿಯನ್ನು ಒಬ್ಬನೇ ಎಳಿಯುದಿಲ್ಲ. ನನ್ನದು ಸ್ಟ್ರಾಂಗ್. ಬೆಳಿಗ್ಗೆ ಉಪ್ಪಳದಿಂದ ಹೊರಟು ತೊಕ್ಕೊಟ್ಟು ದಾಟಿ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬ್ಲಾಕ್ ಆದ್ರೆ ಇಂಜಿನ್ ಆಫ್, ಬ್ಯಾಟರಿಯಲ್ಲೇ ತೆವಳ್ತಾ ಹೋಗ್ತದೆ, ಎ.ಸಿ ಕೂಡ ನಿಲ್ಲುದಿಲ್ಲ. ಕಂಪೆನಿ ಹೇಳುದು 27 ಚಿಲ್ಲರೆ, ನನಗೆ 22 ಬರ್ತಾ ಉಂಟು. ತಮಾಷೆ ಅಂದ್ರೆ ಖಾಲಿ ಹೈವೇಯಲ್ಲಿ ನೂರರಲ್ಲಿ ಬಿಟ್ರೆ ಕಡಿಮೆ, ಬ್ಲಾಕಲ್ಲಿ ಜಾಸ್ತಿ

ಪುಷ್ಪ: ಶಬ್ದ ಇಲ್ಲ ಅಂತಾರಲ್ಲ ಹೌದಾ

ರೇವತಿ: ಅಯ್ಯೋ ಅದನ್ನು ಕೇಳ್ಬೇಡ. ಮೊದಲ ದಿನ ಅಪ್ಪ ಕೂತು ಬಟನ್ ಒತ್ತಿದ್ರು, ರೆಡಿ ಅಂತ ಲೈಟ್ ಬಂತು, ಶಬ್ದ ಇಲ್ಲ. ಸ್ಟಾರ್ಟ್ ಆಗ್ಲಿಲ್ಲ ಅಂತ ಇನ್ನೊಮ್ಮೆ ಒತ್ತಿದ್ರು, ಆಫ್. ಮತ್ತೆ ಒತ್ತಿದ್ರು. ಐದು ಸಲ ಆದ ಮೇಲೆ ಹೊರಗೆ ಬಂದು ಹೇಳಿದ್ದು ಎಂತ ಗೊತ್ತುಂಟಾ, "ಹೊಸ ಗಾಡಿ ಹಾಳಾದದ್ದು ಕೊಟ್ಟಿದ್ದಾರೆ"

ಗಣೇಶ ರೈ: 😂😂

ರೇವತಿ: ಇನ್ನೊಂದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಬ್ಯಾಟರಿ ಫುಲ್ ಆಯ್ತು, ಇನ್ನು ತುಂಬಿಸ್ಲಿಕ್ಕೆ ಜಾಗ ಇಲ್ಲ, ಆಗ ಇಂಜಿನ್ ಸುಮ್ಮನೆ ಗೊಂಯ್ ಅಂತ ಬೊಬ್ಬೆ ಹಾಕ್ತದೆ, ನಾನು ಹೆದರಿ ಬದಿಗೆ ನಿಲ್ಸಿದೆ. ಅದು ಗಾಡಿ ಹಿಡಿದುಕೊಳ್ಳುವ ಉಪಾಯ ಅಂತೆ, ಆ ಹೊತ್ತಿಗೆ ಪೆಟ್ರೋಲ್ ಸುಡುದಿಲ್ಲ. ಮೊದಲೇ ಯಾರಾದ್ರೂ ಹೇಳ್ಬಹುದಿತ್ತು

ಅಶ್ರಫ್: ಸರಿ, ಈಗ ನಿನ್ನ ಮೇಲೆ ಬರ್ತೇನೆ. ಸಾದಾ ಆಟೋಮ್ಯಾಟಿಕ್‌ಗಿಂತ ಎಷ್ಟು ಜಾಸ್ತಿ ಕೊಟ್ಟೆ?

ರೇವತಿ: ಎರಡೂವರೆ ಲಕ್ಷ

ಅಶ್ರಫ್: ವರ್ಷಕ್ಕೆ 18,000 ಕಿಲೋಮೀಟರ್ ಅಂತ ಇಡು. 15 ಕೊಡುವ ಗಾಡಿಗೆ 1,200 ಲೀಟರ್, ನಿನ್ನದಕ್ಕೆ 818. ಉಳಿದದ್ದು 382 ಲೀಟರ್, 103ರ ಲೆಕ್ಕದಲ್ಲಿ 39 ಸಾವಿರ. ಎರಡೂವರೆ ಲಕ್ಷ ವಾಪಾಸು ಬರ್ಲಿಕ್ಕೆ ಆರು ವರ್ಷ ದಾಟ್ತದೆ. ಭಟ್ಟ ಬದಿಯಡ್ಕ ಪೇಟೆಗೂ ಮದುವೆ ಮುಂಜಿ ಜಂಬರಕ್ಕೂ ಅಂತ ವರ್ಷಕ್ಕೆ 5,000 ಓಡಿಸುದು, ಅವನಿಗೆ 23 ವರ್ಷ ಬೇಕು

ಶಂಕರ ಭಟ್ಟ: ನೋಡಿ!! ನಾನು ಹೇಳಿದ್ದೇ ಅದು

ರೇವತಿ: ನೀನು ಹೇಳಿದ್ದು ಬ್ಯಾಟರಿ ಢಮಾರ್ ಅಂತ, ಇದಲ್ಲ. ಮತ್ತೆ ಅಶ್ರಫಾ, ದಿನಕ್ಕೆ ಎರಡು ಗಂಟೆ ಗೇರು ಕ್ಲಚ್ಚು ಇಲ್ಲದೆ ಸದ್ದಿಲ್ಲದೆ ಕೂರುವುದಕ್ಕೆ ರೇಟ್ ಹಾಕಿದ್ದೀಯಾ ಅದರಲ್ಲಿ?

ಅಶ್ರಫ್: ಗೇರು ಕ್ಲಚ್ಚು ಸಾದಾ ಆಟೋಮ್ಯಾಟಿಕ್‌ನಲ್ಲೂ ಇಲ್ಲ ತಾಯೀ

ರೇವತಿ: ಹಾಂ ಅದು ಸರಿ. ಸದ್ದು ಅಂತ ಇಡು

ಗಣೇಶ ರೈ: ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಹಾಕಿದ್ರೆ ಅದೂ ಉಳಿತಾಯವೇ, ನಾನು ಅದಕ್ಕೇ ಹೋಗುದು. ಡಿಕ್ಕಿಯಲ್ಲಿ ಗೋಣಿ ಹಿಡಿತದಾ?

ರೇವತಿ: ಬ್ಯಾಟರಿ ಡಿಕ್ಕಿಯ ಅಡಿಯಲ್ಲಿ ಕೂತಿದೆ, ಜಾಗ ಕಮ್ಮಿ. ಎರಡು ಸೂಟ್‌ಕೇಸಿಗೇ ಮುಗೀತು. ಗೋಣಿಗೆ ನಿನ್ನ ಜೀಪೇ ಸಮ

ಶಂಕರ ಭಟ್ಟ: ನಮ್ಮ ಶೆಡ್ಡಲ್ಲಿ ಇಲಿ ಭಯಂಕರ. ಹಳೆ ಗಾಡಿಯ ವಯರನ್ನೇ ಎರಡು ಸಲ ಕಡಿದದ್ದು, ಇದಕ್ಕೆ ಕಡಿದ್ರೆ ಮನೆ ಮಾರಬೇಕಷ್ಟೆ

ರೇವತಿ: ಅದು ಒಳ್ಳೆ ಪ್ರಶ್ನೆ ಭಟ್ಟಾ, ನಿನ್ನ ಫಾರ್ವರ್ಡಿಗಿಂತ ಒಳ್ಳೇದು. ಕಿತ್ತಳೆ ಬಣ್ಣದ ದಪ್ಪ ವಯರ್ ಉಂಟು, ಅದರಲ್ಲಿ ಹೈ ವೋಲ್ಟೇಜು, ಊರಿನ ಮೆಕ್ಯಾನಿಕ್ ಮುಟ್ಟುದೂ ಇಲ್ಲ

ಪುಷ್ಪ: ಹೊಗೆಸೊಪ್ಪು ಕಟ್ಟು, ಇಲಿ ಬರುದಿಲ್ಲ

ರೇವತಿ: ಕಟ್ಟಿದ್ದೆ ಬಾನೆಟ್ ಒಳಗೆ. ಮೂರನೇ ದಿನ ನೋಡಿದ್ರೆ ಇಲ್ಲ. ಅತ್ತೆ ಎಲೆಯಡಿಕೆಗೆ ತೆಗೆದದ್ದು