ಲಗ್ನ-ಜಾತ್ರಿ ವಿಡಿಯೋಕ್ಕ ಯಾವ ಡ್ರೋನ್ ತಗೋಬೇಕ್ರಿ? ಹಾರಿಸಿದವ್ರು ಹೇಳ್ರಿ

ಕೇಳಿದವ್ರು, ಯಾದಗಿರಿ:
ನಮಸ್ಕಾರ್ರೀ ಎಲ್ಲಾರಿಗೂ. ಇಲ್ಲಿ ನಮ್ದೊಂದು ಸಣ್ಣ ಸ್ಟುಡಿಯೋ ಅದ, ಲಗ್ನ, ಜಾತ್ರಿ, ಆವಾಗೀವಾಗ ಪ್ಲಾಟ್ ಲೇಔಟಿನ ವಿಡಿಯೋ. ಇಲ್ಲಿತನ ಡ್ರೋನ್ ಬಾಡಿಗಿ ತರ್ತಿದ್ವಿ, ಈ ಸೀಜನ್ನಿಗೆ ಸ್ವಂತದ್ದು ತಗೋಬೇಕಂತ ಮಾಡೀನಿ. ಮೂರು ತಲ್ಯಾಗವ: ಚೀನಾದ ಡಿಜೆಐ ಕಂಪನಿಯ ಮ್ಯಾವಿಕ್ 3 ಪ್ರೋ, ಅದೇ ಕಂಪನಿದು ಸೆಕೆಂಡ್ ಹ್ಯಾಂಡ್ ಇನ್‌ಸ್ಪೈರ್ 2, ಇಲ್ಲಾಂದ್ರ ಆರು ಮೋಟಾರಿಂದು ಜೋಡಿಸಿ ಕೊಡ್ತೀನಂತ ಒಬ್ರು ಅಂದಾರ, ಕೆಳಗ ನಮ್ಮ ಮಿರರ್‌ಲೆಸ್ ಕ್ಯಾಮೆರಾನೇ ಕಟ್ಟಬಹುದಂತ. ವಿಡಿಯೋ ಅಲುಗಾಡಬಾರ್ದು, ಅದೊಂದೇ ನನ್ನ ಚಿಂತಿ.

ಕಲಬುರಗಿಯಿಂದ:
ಅಣ್ಣಾ, ಆರು ಮೋಟಾರಿಂದು ನಾ ಎರಡು ವರ್ಷ ಸಾಕೀನಿ, ಸಾಕೀನಿ ಅಂತನೇ ಅನ್ಬೇಕು ಅದಕ್ಕ. ಒಂದು ಮೋಟಾರ್ ಕೈ ಕೊಟ್ರೂ ಉಳಿದ ಐದರ ಮ್ಯಾಲ ಇಳಿಸ್ಕೋಬಹುದು ಅನ್ನೋದು ಖರೆ, ನಾಲ್ಕರದ್ದು ಹಂಗಲ್ಲ, ಬಿದ್ದೇ ಬೀಳ್ತದ. ಆದ್ರ ಕೆಳಗ ನಮ್ಮ ಕ್ಯಾಮೆರಾ ಕಟ್ಟೋದಂದ್ರ ಪ್ರತಿ ಸಲ ಲೆನ್ಸ್ ಬದಲಿ ಮಾಡಿದಾಗ ಜಿಂಬಲ್ಲಿನ (ಕ್ಯಾಮೆರಾ ಅಲುಗಾಡದಂಗ ಹಿಡಿಯೋ ಮೋಟಾರಿನ ಹಿಡಿಕಿ) ತೂಕ ಮತ್ತೊಮ್ಮೆ ಸಮ ಮಾಡ್ಬೇಕು, ಮುಂದ-ಹಿಂದ, ಎಡಕ-ಬಲಕ, ಕೈ ಬಿಟ್ರ ಕ್ಯಾಮೆರಾ ಬಿಟ್ಟಲ್ಲೇ ನಿಲ್ಬೇಕು, ಅಷ್ಟೊತ್ತಿಗೆ ಮದಿಮಗ ಕುದುರಿ ಇಳದು ಮಂಟಪದಾಗ ಕುಂತಿರ್ತಾನ. ಮತ್ತ ಒಂದು ದಿನ ಎಲ್ಲಾ ಬರೋಬ್ಬರಿ ಮಾಡಿದ್ರೂ ವಿಡಿಯೋ ನೀರಾಗ ನೋಡಿದಂಗ ಅಲಗ್ಯಾಡಾಕತ್ತು. ಜಿಂಬಲ್ಲೇ ಕೆಟ್ಟದಂತ ಮೂರು ದಿನ ತಲಿ ಕೆಡಿಸ್ಕೊಂಡೆ. ಕಡೀಕ ನೋಡಿದ್ರ ಒಂದು ಪ್ರೊಪೆಲ್ಲರಿನ ಅಂಚು ತೊಗರಿಕಾಳಿನಷ್ಟು ಚಕ್ಕೆದ್ದಿತ್ತು. ಬೆರಳು ಸವರಿದಾಗ ಉಗುರಿಗೆ ಸಿಕ್ತು ನೋಡು, ಕಣ್ಣಿಗೆ ಕಂಡಿರ್ಲಿಲ್ಲ. ಜಿಂಬಲ್ ಅನ್ನೋದು ಡ್ರೋನ್ ವಾಲಿದ್ದನ್ನ ತಡೀತದ, ಮೋಟಾರಿನ ನಡುಕ ಅದರ ಕೈಗೆ ಸಿಗೂದಿಲ್ಲ. ಜೋಡಿಸಿದ್ದು ಬ್ಯಾಡ, ಮಾರಿ ನಾ ಆರಾಮ ಇದೀನಿ.

ಇನ್‌ಸ್ಪೈರ್ 2 ನಾ ಬಾಡಿಗಿ ತಂದು ಹಾರಿಸೀನಿ. ಅದರ ಕಾಲು ಮ್ಯಾಲ ಎತ್ಕೋತದ, ಕ್ಯಾಮೆರಾ ಸುತ್ತಲೂ ತಿರುಗ್ತದ, ಒಬ್ರು ಹಾರಿಸೋದು ಒಬ್ರು ಕ್ಯಾಮೆರಾ ಹಿಡಿಯೋದು. ಮ್ಯಾವಿಕ್‌ನಾಗ ಬಾಜೂಕ ನೋಡ್ಬೇಕಂದ್ರ ಇಡೀ ಡ್ರೋನೇ ತಿರುಗ್ಬೇಕು. ಒಬ್ರೇ ಹೋಗಿ ಲಗ್ನ ಮಾಡೋರಿದ್ರ ಇನ್‌ಸ್ಪೈರ್ ಭಾರ ಅನ್ನಸ್ತದ. ಬ್ಯಾಟರಿ ಜೋಡಿ ಜೋಡಿ ಬೇಕು.

ಬೀದರಿನಿಂದ:
ಸರ, ಅಲುಗಾಡೋದು ಆಮ್ಯಾಲ ನೋಡ್ರಿ, ಮೊದಲ ಕಾಗದ. ಡ್ರೋನ್ ಇಂಪೋರ್ಟ್ ಬಂದ್ ಆಗಿದ್ದು 2022ರ ಫೆಬ್ರುವರಿ 9ಕ್ಕ, ಮ್ಯಾವಿಕ್ 3 ಪ್ರೋ ಬಿಡುಗಡಿ ಆಗಿದ್ದೇ 2023ರ ಏಪ್ರಿಲ್‌ದಾಗ. ಹಂಗಾದ್ರ ಅಂಗಡ್ಯಾಗ ಪ್ಯಾಕ್ ಒಡೀಲಾರದಂಗ ಇಟ್ಟಿದ್ದು ಯಾವ ದಾರಿಲಿಂದ ಬಂತು ನೀವೇ ವಿಚಾರ ಮಾಡ್ರಿ. ಪಕ್ಕಾ ಬಿಲ್ ಕೊಡ್ತಾರೇನ ಕೇಳ್ರಿ, ಮಾರಿ ಕಪ್ಪಾಗ್ತದ. ಇನ್‌ಸ್ಪೈರ್ 2 ಹಳೇದು, 2016ರ ಮಾಡೆಲ್, ಬಿಲ್ಲು ಇರಬಹುದು, ಆದ್ರ ಯುಐಎನ್ ನಂಬರ್ (ಡ್ರೋನಿನ ಸರ್ಕಾರಿ ನೋಂದಣಿ ನಂಬರ್) ಅದ ಇಲ್ಲ, ನಿಮ್ಮ ಹೆಸರಿಗೆ ವರ್ಗ ಆಗ್ತದ ಇಲ್ಲ, ಅಷ್ಟು ನೋಡದ ಒಂದು ರೂಪಾಯಿ ಅಡ್ವಾನ್ಸ್ ಕೊಡಬ್ಯಾಡ್ರಿ.

2021ರ ಡ್ರೋನ್ ನಿಯಮದಾಗ 250 ಗ್ರಾಂ ತನ ನ್ಯಾನೋ, ಅಲ್ಲಿಂದ 2 ಕಿಲೋ ತನ ಮೈಕ್ರೋ, 2ರಿಂದ 25 ಕಿಲೋ ಸ್ಮಾಲ್. ಮ್ಯಾವಿಕ್ 3 ಪ್ರೋ 958 ಗ್ರಾಂ, ಮೈಕ್ರೋ. ಸುಮ್ನ ಖುಷಿಗೆ ಹಾರಿಸಿದ್ರ ಮೈಕ್ರೋಕ್ಕ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ, ರೊಕ್ಕ ತಗೊಂಡು ಲಗ್ನ ಹೊಡದ್ರ ಬೇಕು. ಹತ್ತನೇತ್ತೆ ಪಾಸಾಗಿ 18 ತುಂಬಿದ್ರ ಟ್ರೇನಿಂಗ್ ತಗೋಬಹುದು, ಸಿಕ್ಕ ಮ್ಯಾಲ 10 ವರ್ಷ ನಡೀತದ. ನಮ್ಮೂರಾಗಂತೂ ಏರ್‌ಫೋರ್ಸ್ ಸ್ಟೇಷನ್ ಅದ, ಟ್ರೇನಿಂಗಿನ ಹಾಕ್ ವಿಮಾನ ತಲಿ ಮ್ಯಾಲ ಹೋಗ್ತಾವ, ಎಲ್ಲಿ ಹಾರಿಸಬಹುದಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡ್ಲಾರ್ದೆ ಯಾರೂ ಎತ್ತಂಗಿಲ್ಲ. ಬೀದರ್ ಕಿಲ್ಲೇದ ಮ್ಯಾಲ ಹಾರಿಸ್ಬೇಕಂದ್ರ ಪುರಾತತ್ವ ಇಲಾಖಿ ಪರ್ಮಿಷನ್ ಬ್ಯಾರೆ. ಪ್ರೀ-ವೆಡ್ಡಿಂಗ್ ಅಂತ ಬಂದವ್ರಿಗೆ ಇದನ್ನೆಲ್ಲಾ ತಿಳಿಸಿ ಹೇಳೂದ್ರಾಗ ನನ್ನ ಅರ್ಧ ವಯಸ್ಸು ಹೋಗ್ಯಾದ.

ಸೇಡಂ ಕಡಿಯವ್ರು:
ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ, ನಂದು ನಮ್ಮ ಬಿಸಿಲಿನ ಮಾತು. ಮ್ಯಾವಿಕ್ 3 ಪ್ರೋಕ್ಕ ಕಂಪನಿ ಬರದದ್ದು 40 ಡಿಗ್ರಿ ತನ, ನಮ್ಮಲ್ಲಿ ಮೇ ತಿಂಗಳು ನೆಳ್ಳಾಗೇ ಅದು ದಾಟ್ತದ. ಹಾರೋದು ಕಾಗದದ ಮ್ಯಾಲ 43 ನಿಮಿಷ, ನಾ 25ಕ್ಕೇ ಇಳಿಸ್ತೀನಿ. ಬ್ಯಾಟರಿ ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲ ಇಡಬ್ಯಾಡ್ರಿ, ಒಂದು ಉಬ್ಬಿ ಹೋಳಿಗಿ ಆಗ್ಯಾದ ನಂದು. ಎರಿ ಹೊಲದಾಗ ನೆಲದ ಮ್ಯಾಲ ಎಂದೂ ಇಳಿಸಬ್ಯಾಡ್ರಿ, ಆ ಧೂಳು ಜಿಂಬಲ್ಲಿನ ಮೋಟಾರಿನಾಗ ಹೊಕ್ತದ. ನಾ ಹಳೇ ಪ್ಲಾಸ್ಟಿಕ್ ಚಾಪಿ ಹಾಸ್ತೀನಿ, ನಾಲ್ಕೂ ಮೂಲಿಗೆ ಕಲ್ಲಿಟ್ಟು. ಬಿಸಿಲಾಗ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬೆಳಕು ಕಡಿಮಿ ಮಾಡೋ ಕಪ್ಪು ಗಾಜು) ಹಾಕ್ಲಾರ್ದೆ ಹೊಡದ್ರ ಶಟರ್ ವೇಗ ಜಾಸ್ತಿ ಆಗಿ ವಿಡಿಯೋ ಕಡಕಡ ಅಂತದ, ಸೆಕೆಂಡಿಗೆ 25 ಫ್ರೇಮ್ ಇದ್ರ ಶಟರ್ 1/50 ಸೆಕೆಂಡಿನಾಗ ಇಡ್ಲಿಕ್ಕ ಫಿಲ್ಟರ್ ಬೇಕೇ ಬೇಕು. ಭಾಳ ಮಂದಿ ಜಿಂಬಲ್ ಸರಿಯಿಲ್ಲ ಅನ್ನೋದು ಇದನ್ನೇ.

ಇನ್ನೊಂದು ಹೇಳ್ತೀನಿ ನಗಬ್ಯಾಡ್ರಿ. ಒಂದ್ಸಲ ಜಿಂಬಲ್ ಮೋಟಾರ್ ಓವರ್‌ಲೋಡ್ ಅಂತ ಸ್ಕ್ರೀನ್ ಮ್ಯಾಲ ಬಂತು, ನನಗ ಎದಿ ಧಸಕ್ ಅಂತು, ಪಾರ್ಟಿಯವ್ರ ಮುಂದ ಬೆವರು ಬಿಟ್ಟೆ. ಕ್ಯಾಮೆರಾ ಮ್ಯಾಲಿನ ಪ್ಲಾಸ್ಟಿಕ್ ಟೊಪ್ಪಿಗೆನೇ ತೆಗದಿರ್ಲಿಲ್ಲ.

ಕೇಳಿದವ್ರು, ಯಾದಗಿರಿ:
ಎಲ್ಲಾರಿಗೂ ಭಾಳ ಉಪಕಾರಾತ್ರೀ. ಆರು ಮೋಟಾರಿಂದು ತಲ್ಯಾಗಿಂದ ತೆಗದೆ. ಮದ್ಲ ಟ್ರೇನಿಂಗಿಗೆ ಹೆಸರು ಹಚ್ತೀನಿ, ಅಲ್ಲಿತನ ಸರ್ಟಿಫಿಕೇಟ್ ಇದ್ದವ್ರನ್ನೇ ಕರಕೊಂಡು ಹೊಡಿಸ್ತೀನಿ. ಇನ್‌ಸ್ಪೈರ್ ಮಾರೋರಿಗೆ ಫೋನ್ ಹಚ್ಚಿ ಯುಐಎನ್ ನಂಬರ್ ಕೇಳಿದೆ, ನೋಡಿ ಹೇಳ್ತೀನಿ ಅಂದ್ರು. ಮೂರು ದಿನ ಆತು, ಫೋನೇ ಎತ್ತವಲ್ರು.